ಮರುಭೂಮಿಗೊಂದು ಬಾಡಿಗೆ ಬೈಕು

ನನಗೊಂದು ಚಟವಿದೆ. ಕುಡಿತವಲ್ಲ, ಇಸ್ಪೀಟೂ ಅಲ್ಲ. ಅವಾಗಿದ್ದರೆ ನನ್ನ ಹೆಂಡತಿ ರತ್ನ ನಾಲ್ಕು ಜನರ ಮುಂದೆ ಹೇಳಿಕೊಂಡು ಅವರ ಕನಿಕರವನ್ನಾದರೂ ಸಂಪಾದಿಸಬಹುದಿತ್ತು. ನನ್ನದು ಯೋಜನೆ ಹಾಕುವ ಚಟ. ಇದರಿಂದ ಯಾರೂ ಸಾಯುವುದಿಲ್ಲವಾದ್ದರಿಂದ ಯಾರೂ ಇದನ್ನು ಕಾಯಿಲೆಯೆಂದು ಒಪ್ಪುವುದಿಲ್ಲ. ಹಿತ್ತಲಲ್ಲಿ ಗುಲಾಬಿ ತೋಟದ ಯೋಜನೆ ಹಾಕಿ ಸಾಲಾಗಿ ಗುಂಡಿ ತೋಡಿಸಿದೆ. ಗುಲಾಬಿಯ ಜಾತಿಗಳ ಬಗ್ಗೆ ನಾನಿನ್ನೂ ಓದುತ್ತಿರುವಾಗಲೇ ರತ್ನ ಆ ಗುಂಡಿಗಳಲ್ಲಿ ಬಾಳೆಕಂದು ನೆಟ್ಟು ಗೊನೆಯನ್ನೂ ಕಡಿದಳು. ಇನ್ನೊಮ್ಮೆ ಪುಸ್ತಕ ನೋಡಿಕೊಂಡು ಈಜು ಕಲಿಯುವ ಯೋಜನೆ ಹಾಕಿದೆ. ನೀರಿಗಿಳಿಯುವ ಮೊದಲು ಒಣನೆಲದಲ್ಲಿ ಅಭ್ಯಾಸ ಮಾಡಬೇಕೆಂದು ಅದರಲ್ಲಿ ಬರೆದಿತ್ತು. ಮಂಚದ ಮೇಲೆ ಬೋರಲು ಬಿದ್ದು ಕೈಕಾಲು ಬಡಿದೆ. ಮುರಿದದ್ದು ಮಂಚದ ಪಟ್ಟಿ ಮಾತ್ರ.

ಆಗ, ಅಂದರೆ ಊರೂರಿಗೆ ಎಸ್‌ಟಿಡಿ ಬೂತುಗಳೂ ಕೇಬಲ್ ಟಿವಿಯೂ ಒಟ್ಟಿಗೇ ಬಂದ ಕಾಲದಲ್ಲಿ, ನಾನು ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಮರುಭೂಮಿ, ಕಡಲತೀರ, ಅಲೆಗಳ ಕೊರೆತ, ಮರಳ ದಿಬ್ಬಗಳ ಚಲನೆ ಎಲ್ಲವನ್ನೂ ವರ್ಷ ವರ್ಷವೂ ಕಣ್ಣಾರೆ ಕಂಡವನ ಗತ್ತಿನಲ್ಲಿ ಹೇಳುತ್ತಿದ್ದೆ. ನಾನು ಕಣ್ಣಾರೆ ಕಂಡಿದ್ದ ಅತಿ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. ಅತಿ ದೊಡ್ಡ ಮರಳ ದಿಬ್ಬವೆಂದರೆ ನಮ್ಮ ಬೀದಿಯ ತುದಿಯಲ್ಲಿ ಕಂಟ್ರಾಕ್ಟರೊಬ್ಬರು ಕಲ್ಯಾಣಮಂಟಪ ಕಟ್ಟಲು ಸುರಿಸಿ, ಆಮೇಲೆ ಯಾಕೋ ಮರೆತುಬಿಟ್ಟದ್ದು. ಅದೂ ಚಲಿಸುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪವಾಗಿ ಅಕ್ಕಪಕ್ಕದವರ ಮನೆಗೆ.

ನನ್ನ ಗೆಳೆಯ ಜವರೇಗೌಡ ಸಿಂಧಘಟ್ಟದವನು. ನನ್ನ ಜೊತೆ ಓದಿದವನು, ಊರಿನ ಹಾಲಿನ ಸಂಘದ ಅಧ್ಯಕ್ಷ, ಕೇಬಲ್ ಹಾಕಿಸಿದವರಲ್ಲಿ ಮೊದಲಿಗ. ಒಂದು ಭಾನುವಾರ ಅವನ ಮನೆಯಲ್ಲಿ ಕೂತಿದ್ದಾಗ ಟಿವಿಯಲ್ಲಿ ಒಬ್ಬ ಬಿಳಿಯ ದೊಡ್ಡ ಬೈಕಿನಲ್ಲಿ ಮರಳುಗಾಡಿನ ನಡುವೆ ಹೋಗುತ್ತಿದ್ದ. ನೋಡನೋಡುತ್ತ ಮರಳು ಮುಗಿದು ಸಮುದ್ರ ಬಂತು. ಅವನು ಬೈಕು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ದಿಗಂತ ನೋಡಿದ. ನನಗೂ ಒಮ್ಮೆ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕೆನಿಸಿತು. ನಮ್ಮಲ್ಲಿ ಹಾಗೆ ನಿಂತರೆ "ಯಾಕ್ ಸಾ, ಸೊಂಟ ಇಡ್ಕಂತಾ?" ಎಂದು ಕೇಳುತ್ತಾರೆ.

"ಲೇ ಶಂಕ್ರ, ಆ ಬೈಕು ಅವಂದಲ್ಲ ಕಣ್ಲಾ. ಬಾಡ್ಗೆದು," ಎಂದ ಜವರೇಗೌಡ.

ನಾನು ನಂಬಲಿಲ್ಲ. ಕೆ.ಆರ್. ಪೇಟೆಯಲ್ಲಿ ಬಾಡಿಗೆಗೆ ಸಿಗದ ವಸ್ತುವಿರಲಿಲ್ಲ. ಸೈಕಲ್ಲು, ಶಾಮಿಯಾನ, ಕೊಪ್ಪರಿಗೆ, ಟ್ರಾಕ್ಟರು, ಮದುಮಗನ ಕೋಟು, ಚುನಾವಣೆಯ ದಿನಗಳಲ್ಲಿ ಜನ ಕೂಡ. ಆದರೆ ಬೈಕನ್ನು ಮಾತ್ರ ಯಾರೂ ಯಾರಿಗೂ ಕೊಡುತ್ತಿರಲಿಲ್ಲ. ಹೆಣ್ಣು ಕೊಟ್ಟ ಮಾವನೂ ಅಳಿಯನಿಗೆ ತನ್ನ ಬೈಕಿನ ಕೀಲಿ ಕೊಡುವಾಗ ಎರಡು ಸಲ ಯೋಚಿಸುತ್ತಿದ್ದ ಕಾಲ ಅದು. ಆದರೆ ಸಂತೆಬಾಚಹಳ್ಳಿಯಿಂದ ಮಿಲಿಟರಿಗೆ ಸೇರಿ ರಾಜಸ್ಥಾನದಲ್ಲಿದ್ದವನೊಬ್ಬ ರಜೆಗೆ ಬಂದಿದ್ದ. ಅವನೂ ಟೀ ಅಂಗಡಿಯಲ್ಲಿ ಅದನ್ನೇ ಹೇಳಿದ. "ಅಲ್ಲೆಲ್ಲ ಕೊಡ್ತಾರೆ ಸಾ. ಫಾರಿನ್ನೋರು ತಗಂಡೋಗಿ ಮರಳಲ್ಲಿ ಉಳ್ಳಾಡ್ಸಿ ತಂದ್ಬುಡ್ತಾರೆ."

ಅಷ್ಟು ಸಾಕಾಯಿತು. ರಾಜಸ್ಥಾನದ ತನಕ ರೈಲು, ಅಲ್ಲಿ ಬಾಡಿಗೆಗೆ ಬೈಕು, ಮರುಭೂಮಿಯ ಅಂಚು ಹಿಡಿದು ಕಛ್, ಅಲ್ಲಿಂದ ಕಡಲ ದಂಡೆಯಲ್ಲೇ ದ್ವಾರಕೆ. ಶಾಲೆಯ ನಕಾಶೆಯನ್ನು ಸುರುಳಿ ಸುತ್ತಿ ಟೀ ಅಂಗಡಿಗೆ ಒಯ್ದು ಬೆಂಚಿನ ಮೇಲೆ ಬಿಡಿಸಿದೆ. ನಾಲ್ಕು ಮೂಲೆಗೆ ನಾಲ್ಕು ಟೀ ಲೋಟ ಇಟ್ಟು, ದಾರಿಗೊಂದು ಕೆಂಪು ಗೆರೆ ಎಳೆದೆ. ಸಂಜೆಸಂಜೆಗೂ ನಮ್ಮ ಸುತ್ತ ಜನ ಕೂಡುತ್ತಿದ್ದರು. ಶ್ರವಣಬೆಳಗೊಳದಿಂದಾಚೆ ಹೋಗಿರದವರೂ ಜೋಧಪುರದ ರಸ್ತೆ ಹೇಗಿದೆಯೆಂದು ನನಗೆ ಹೇಳಿದರು. ಒಬ್ಬರು ಬೈಕಿಗೆ ನೀರಿನ ಬದಲು ಮಜ್ಜಿಗೆ ಕಟ್ಟಿಕೊಂಡು ಹೋಗಿ ಎಂದರು. ನಮ್ಮ ಹೆಡ್ಮಾಸ್ಟರರು ಒಂದು ಸೀಸೆ ಸಮುದ್ರದ ನೀರು ತಂದರೆ ಪ್ರಯೋಗಾಲಯಕ್ಕಾಗುತ್ತದೆ ಎಂದು, ಸೀಸೆಯನ್ನೂ ಕೊಟ್ಟರು.

ಒಂದು ಸಣ್ಣ ಅಡಚಣೆಯಿತ್ತು. ನನಗೆ ಗೇರಿನ ಬೈಕು ಬರುತ್ತಿರಲಿಲ್ಲ. ಶಾಲೆಗೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದೆ. ಅದೂ ಏರಿನಲ್ಲಿ ನನ್ನ ಪಾದಗಳ ಸಹಕಾರ ಬೇಡುತ್ತಿತ್ತು. ಇದನ್ನು ಟೀ ಅಂಗಡಿಯಲ್ಲಿ ಹೇಳುವಂತಿರಲಿಲ್ಲ. ಜವರೇಗೌಡನ ಕಿವಿಯಲ್ಲಿ ಹೇಳಿದೆ. "ಅದೇನ್ ವಿದ್ಯೆನೇ? ಟ್ರಯಲ್ ಒಡ್ಯಣ ಬುಡು," ಎಂದ ಅವನು.

ಪಾಂಡವಪುರದಲ್ಲಿ ಅವನ ಪರಿಚಯದ ಮೆಕ್ಯಾನಿಕ್ಕನೊಬ್ಬನ ಹತ್ತಿರ, ರಿಪೇರಿಗೆ ಬಿಟ್ಟವರು ಯಾರೋ ಮತ್ತೆ ಬರದೆ ಉಳಿದುಹೋದ ಒಂದು ಹಳೆಯ ಬೈಕಿತ್ತು. ದಿನದ ಬಾಡಿಗೆಗೆ ಒಪ್ಪಿದ. ಕೀಲಿ ಕೊಡುವಾಗ ಅವನು ಹೇಳಿದ್ದಿಷ್ಟೇ: "ಬ್ರೇಕು ವಸಿ ನಿಧಾನ್ಕೆ ಇಡೀತದೆ ಸಾ. ನೀವು ವಸಿ ಮುಂಚೇನೇ ಇಡ್ಕಂಡ್ರೆ ಸರೋಯ್ತದೆ."

ಮರುಭೂಮಿಯ ಅಭ್ಯಾಸಕ್ಕೆ ಶ್ರೀರಂಗಪಟ್ಟಣದ ಹೊಳೆ, ಕಡಲತೀರದ ಅಭ್ಯಾಸಕ್ಕೆ ಹಿನ್ನೀರು, ಇದು ನನ್ನ ಯೋಜನೆ. ಬೇಸಿಗೆಯಾದ್ದರಿಂದ ಸಂಗಮದ ಹತ್ತಿರ ಕಾವೇರಿ ಸೊರಗಿ, ದಡದಲ್ಲಿ ಮರಳು ಹರಡಿಕೊಂಡಿತ್ತು. ಅಲ್ಲಿಯವರೆಗೆ ಜವರೇಗೌಡ ಓಡಿಸಿದ. ಮರಳಿನ ಅಂಚಿನಲ್ಲಿ ಇಳಿದು, "ಇನ್ನು ನಿಂದು," ಎಂದು ಹಿಂದೆ ಕೂತ. ನಾನು ಕ್ಲಚ್ಚು ಬಿಟ್ಟೆ. ಆಗ ನನಗೊಂದು ವಿಷಯ ತಿಳಿಯಿತು. ಯಾವ ಭೂಗೋಳ ಪುಸ್ತಕದಲ್ಲೂ ಅದು ಇರಲಿಲ್ಲ. ಮರಳಿನಲ್ಲಿ ಬೈಕು ಮುಂದಕ್ಕೆ ಹೋಗುವುದಿಲ್ಲ, ಕೆಳಕ್ಕೆ ಹೋಗುತ್ತದೆ. ನಾನು ಆಕ್ಸಿಲರೇಟರು ತಿರುವಿದಷ್ಟೂ ಹಿಂದಿನ ಚಕ್ರ ಮರಳನ್ನು ಬಗೆದು ಬಗೆದು ಹಿಂದಕ್ಕೆ ಎಸೆಯಿತು. ಕೊನೆಗೆ ನಾವಿಬ್ಬರೂ ಒಂದು ಕಡೆಗೆ ಮೆಲ್ಲಗೆ ವಾಲಿ ಮಲಗಿದೆವು. ಎದ್ದು, ತಲೆಯಿಂದ ಕಾಲಿನವರೆಗೆ ಮರಳಾಗಿ, ತಲೆಯ ಮೇಲೆ ಕೈಹೊತ್ತು ಹೊಳೆಯ ದಂಡೆಯಲ್ಲಿ ಕೂತೆವು.

ಸಂಗಮಕ್ಕೆ ಜನ ಬರುವುದು ಮುಖ್ಯವಾಗಿ ಅಸ್ಥಿ ಬಿಡುವುದಕ್ಕೆ. ಕರ್ಮ ಮಾಡಿಸುವ ಪುರೋಹಿತರೊಬ್ಬರು ನಮ್ಮ ಅವಸ್ಥೆಯನ್ನು ದೂರದಿಂದ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು. "ಹೋದವರು ಯಾರು?"

"ಯಾರೂ ಓಗಿಲ್ಲ ಸ್ವಾಮಿ," ಎಂದ ಜವರೇಗೌಡ. "ಓಗಕ್ಕೇ ಆಯ್ತಿಲ್ಲ."

ಹಿನ್ನೀರಿನ ಅಭ್ಯಾಸ ಇದಕ್ಕಿಂತ ಚೆನ್ನಾಗಿ ಆಯಿತು. ಅಷ್ಟು ಹೊತ್ತಿಗೆ ಎಂಜಿನ್ನಿಗೆ ಮರಳು ಹೋಗಿ ಅದು ನಿಂತುಬಿಟ್ಟಿದ್ದರಿಂದ, ಬೈಕನ್ನು ಒಂದು ಟೆಂಪೋದಲ್ಲಿ ಹಾಕಿಕೊಂಡು ಹಿನ್ನೀರಿನ ಕಡೆಯಿಂದ ಸುತ್ತಿಕೊಂಡು, ತಂಪಾಗಿ ಗಾಳಿ ಕುಡಿಯುತ್ತ ಪಾಂಡವಪುರ ಸೇರಿದೆವು.

ಇಷ್ಟರಲ್ಲಿ ಸುದ್ದಿ ನಾಗಮಂಗಲ ಮುಟ್ಟಿತ್ತು. ನಾಗಮಂಗಲ ನನ್ನ ಮಾವನ ಮನೆ. ಅಳಿಯ ಬೈಕಿನಲ್ಲಿ ಮರುಭೂಮಿಗೆ ಹೋಗುತ್ತಾನೆಂದು ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿದ ಸುದ್ದಿ, ದಾರಿಯಲ್ಲಿ ಅಳಿಯ ಅರಬರ ದೇಶಕ್ಕೆ ಕೆಲಸಕ್ಕೆ ಹೋಗುತ್ತಾನೆಂದಾಗಿ, ನಾಗಮಂಗಲದಲ್ಲಿ ಇಳಿಯುವಾಗ ಅಳಿಯ ಹೆಂಡತಿಯನ್ನು ಬಿಟ್ಟು ದ್ವಾರಕೆಯಲ್ಲಿ ಬೈರಾಗಿಯಾಗುತ್ತಾನೆ ಎಂದಾಗಿತ್ತು. ಒಂದು ಬೆಳಿಗ್ಗೆ ನಾನು ಗಡ್ಡ ಹೆರೆದುಕೊಳ್ಳುತ್ತಿರುವಾಗ ಮಾವ ಬಂದರು. ಜೊತೆಗೆ ಊರಿನ ಇಬ್ಬರು ಹಿರಿಯರು. ಯಾರೂ ಕಾಫಿ ಮುಟ್ಟಲಿಲ್ಲ. ನಮ್ಮ ಕಡೆ ಬೀಗರು ಕಾಫಿ ಮುಟ್ಟಲಿಲ್ಲವೆಂದರೆ ವಿಷಯ ಗಂಭೀರವಾಗಿದೆಯೆಂದೇ ಅರ್ಥ.

"ಮಗ್ಳುನ್ನ ಕರ್ಕಂಡೋಗವಾ ಅಂತ ಬಂದಿವ್ನಿ," ಎಂದರು ಮಾವ, ನನ್ನ ಅರ್ಧ ಸೋಪಿನ ಮುಖವನ್ನು ನೋಡದೆ. "ನೀವು ಅದೆಲ್ಲಿಗಾರ ಓಗಿ. ನಮ್ದೇನ್ ತಕರಾರಿಲ್ಲ. ಅವ್ಳುನ್ನ ನಡುನೀರಲ್ಲಿ ಬುಟ್ಟೋಗದು ಬ್ಯಾಡ."

ನಾನು ನಕ್ಕುಬಿಡಬೇಕೆಂದಿದ್ದೆ. ರತ್ನಳ ಮುಖ ನೋಡಿದ ಮೇಲೆ ಆಗಲಿಲ್ಲ. ಮಾವ ಅವಳ ಕಡೆ ತಿರುಗಿ, "ಏನವ್ವ, ಎಲ್ಲಿಗೋಗದಂತೆ ಇವ್ರು?" ಎಂದು ಕೇಳಿದರು.

"ನನ್ನೇನ್ ಕೇಳ್ತೀಯ ಅಪ್ಪ?" ಎಂದಳು ಅವಳು. "ಟೀ ಅಂಗ್ಡೀಲಿ ಕೇಳು. ಊರಿಗೆಲ್ಲ ಗೊತ್ತು. ನಂಗಿನ್ನೂ ಯೋಳಿಲ್ಲ."

ಅದು ನಿಜವಾಗಿತ್ತು. ಜೋಧಪುರದ ರಸ್ತೆಯ ಬಗ್ಗೆ ನಾನು ಕ್ಷೌರದಂಗಡಿಯವನನ್ನೂ ಕೇಳಿದ್ದೆ. ಮಜ್ಜಿಗೆಯ ಬಗ್ಗೆ ಚರ್ಚಿಸಿದ್ದೆ. ಮನೆಯಲ್ಲಿ ಹೇಳುವ ಅಂಶ ಮಾತ್ರ ಯೋಜನೆಯಿಂದ ಹೇಗೋ ಬಿಟ್ಟುಹೋಗಿತ್ತು. ಹಿರಿಯರಿಬ್ಬರೂ ಒಟ್ಟಿಗೇ ಕೆಮ್ಮಿದರು. ರತ್ನ ಒಳಗೆ ಹೋದಳು. ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು.

ಬೇರೇನೂ ತೋಚದೆ ನಕಾಶೆ ತಂದು ಮಾವನ ಮುಂದೆ ಚಾಪೆಯ ಮೇಲೆ ಬಿಡಿಸಿದೆ. ಇದು ಬರೀ ಪ್ರವಾಸ ಮಾವ, ಇಲ್ಲಿಂದ ಹೀಗೆ ಹೋಗಿ ಹೀಗೆ ಬರುವುದು ಎಂದು ತೊದಲಿದೆ. ಮಾವ ಕನ್ನಡಕ ಏರಿಸಿ ಬಗ್ಗಿದರು. ಅವರ ದಪ್ಪ ಬೆರಳು ನನ್ನ ಕೆಂಪು ಗೆರೆಯ ಮೇಲೆ ಉಳುವವನ ನಿಧಾನದಲ್ಲಿ ಸರಿದು, ಕಡಲ ಅಂಚಿನಲ್ಲಿ ನಿಂತಿತು.

"ಇದೇನು?"

"ದ್ವಾರಕೆ, ಮಾವ."

"ಕೃಷ್ಣನ್ ದ್ವಾರ್ಕೆನಾ?" ಅವರು ಸ್ವಲ್ಪ ಹೊತ್ತು ಆ ಚುಕ್ಕೆಯನ್ನೇ ನೋಡಿದರು. ತಿರುಪತಿ ಬಿಟ್ಟು ಬೇರೆ ಯಾತ್ರೆ ಮಾಡಿದವರಲ್ಲ. ಆಮೇಲೆ ಹಿರಿಯರಿಗೆ ಕೇಳಿಸದ ಹಾಗೆ ನನ್ನ ಕಡೆ ವಾಲಿ, "ಬೈಕಲ್ಲಿ ಇನ್ನೊಬ್ರು ಇಡುಸ್ತಾರಾ?" ಎಂದರು.

ಹಿಡಿಸಲಿಲ್ಲ. ಆದರೆ ಬಸ್ಸಿನಲ್ಲಿ ಹಿಡಿಸುತ್ತಾರೆ. ಪಂಚಾಯಿತಿಗೆ ಬಂದಿದ್ದ ಹಿರಿಯರಿಬ್ಬರೂ ಯಾತ್ರೆಗೆ ತಮ್ಮ ಮನೆಯವರ ಹೆಸರು ಬರೆಸಿ ಕಾಫಿ ಕುಡಿದರು. ದಸರಾ ರಜೆಯ ಹೊತ್ತಿಗೆ ನನ್ನ ಮೋಟಾರ್ ಸೈಕಲ್ ಸಾಹಸ ಒಂದು ಯಾತ್ರಾ ಬಸ್ಸಾಗಿತ್ತು. ಅದರಲ್ಲಿ ನಾಗಮಂಗಲದ ಅರ್ಧ ಬೀದಿ, ಒಬ್ಬ ಅಡುಗೆಯವನು, ರಾಗಿಹಿಟ್ಟಿನ ಮೂಟೆ ಮತ್ತು ಅವೆಲ್ಲದರ ಹಿಂದೆ ಕೊನೆಯ ಸೀಟಿನಲ್ಲಿ ನಾನು. ರತ್ನ ಎಳೆದ ಪೆಟ್ಟಿಗೆಯಂತೂ ಈ ಬಸ್ಸಿನ ಮೇಲೇ ಏರಿತು. ಜವರೇಗೌಡ ಮಾತ್ರ ಬರಲಿಲ್ಲ. ಸಂಘದ ಎಲೆಕ್ಷನ್ನು ಬಂದಿತ್ತು. "ಮರುಭೂಮಿ ಎಲ್ಲಿಗೂ ಓಡೋಗಕಿಲ್ಲ ಕಣ್ಲಾ, ಸೀಟು ಓಡೋಯ್ತದೆ," ಎಂದ.

ಬಸ್ಸು ನನ್ನ ಕೆಂಪು ಗೆರೆಯನ್ನೇ ಹಿಡಿದು ಹೋಯಿತು. ಮರುಭೂಮಿ ಬಂದದ್ದು ಮಧ್ಯಾಹ್ನ ಊಟವಾದ ಮೇಲೆ. ಮುದ್ದೆ ತಿಂದ ಬಸ್ಸು ಪೂರ್ತಿ ಮಲಗಿತ್ತು. ಬಿಸಿಲೆಂದು ಎಲ್ಲ ಪರದೆ ಎಳೆದಿದ್ದರು. ನಾನೊಂದು ಪರದೆ ಸರಿಸಿದೆ. ಬಂಗಾರದ ಬಣ್ಣದ ಅಲೆ ಅಲೆಯಾದ ನೆಲ ಒಂದು ಕ್ಷಣ ಕಂಡಿತು. "ಯಾರ್ರಿ ಅದು, ಕಣ್ಗೆ ಒಡೀತದೆ, ಮುಚ್ಚಿ," ಎಂದಿತು ಮುಂದಿನ ಸೀಟು. ಮುಚ್ಚಿದೆ. ನಾನು ಕಂಡ ಮರುಭೂಮಿ ಅಷ್ಟೇ.

ದ್ವಾರಕೆಯಲ್ಲಿ ದರ್ಶನ ಮುಗಿಸಿ, ಮಾವ ಕಣ್ಣೊರೆಸಿಕೊಂಡು ಹೊರಗೆ ಬಂದರು. ಆ ಮನುಷ್ಯ ಅಷ್ಟು ಸಂತೋಷವಾಗಿದ್ದುದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಉಳಿದವರೆಲ್ಲ ಛತ್ರಕ್ಕೆ ಹೋದರು. ನಾವು ಮೂವರು ಕಡಲ ಕಡೆ ನಡೆದೆವು. ಊರಾಚೆ ಒಂದು ಪುಟ್ಟ ಅಂಗಡಿಯ ಮುಂದೆ ಎರಡು ಬೈಕು ನಿಂತಿದ್ದವು, ಮೇಲೆ ಬಾಡಿಗೆಗೆ ಎಂದು ಇಂಗ್ಲಿಷಿನಲ್ಲಿ ಬರೆದ ಹಲಗೆ. ರತ್ನ ಹಲಗೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಅದೇ ಅಲ್ವಾ, ನಿಮ್ಮ ಬಾಡ್ಗೆ ಬೈಕು?"

"ಬಸ್ಸು ಹೊರಡೋ ಹೊತ್ತಾಯ್ತು," ಎಂದೆ.

"ಬಸ್ಸು ಸಂಜೆಗೆ ಅಂತ ಬರ್ದಿಟ್ಟೋರು ನೀವೇ. ನಡೀರಿ. ನಾನು ಹಿಂದೆ ಕೂತ್ಕತೀನಿ."

ಅಂಗಡಿಯವನು ಹೊಸಬರನ್ನು ನಂಬಲಿಲ್ಲ. ಯಾರಾದರೂ ಜಾಮೀನು ಬೇಕೆಂದ. ಮಾವ ಪಂಚೆ ಸರಿಮಾಡಿಕೊಂಡು ಅವನ ಬೆಂಚಿನ ಮೇಲೆ ಕೂತರು. "ಓಗ್ಬನ್ನಿ ಅಳಿಯಂದ್ರೆ. ನಾನಿಲ್ಲೇ ಇರ್ತೀನಿ," ಎಂದರು. ಮಗಳನ್ನು ನನಗೊಪ್ಪಿಸಿ, ತಮ್ಮನ್ನು ಬೈಕಿಗೆ ಒತ್ತೆಯಿಟ್ಟುಕೊಂಡ ಆ ಮುದುಕರ ಮುಂದೆ ನನಗೆ ಬೇರೆ ನೆಪ ಉಳಿಯಲಿಲ್ಲ.

ಬೈಕು ಹೊರಟಿತು. ನಿಧಾನವಾಗಿಯೇ ಹೊರಟಿತು, ಒಂದು ಒಂಟೆಗಾಡಿ ನಮ್ಮನ್ನು ದಾಟಿ ಹೋಯಿತು, ಒಂಟೆ ತಿರುಗಿ ಕೂಡ ನೋಡಿತು. ಒಂದು ಕಡೆ ಕುರುಚಲು ಗಿಡಗಳ ಮರಳು, ಇನ್ನೊಂದು ಕಡೆ ಕೊನೆಯಿಲ್ಲದ ನೀರು. ರತ್ನ ನನ್ನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದಳು. ಸುಮಾರು ದೂರ ಹೋದ ಮೇಲೆ, "ಮೊದ್ಲೇ ನನ್ನ ಕರ್ದಿದ್ರೆ ಬರ್ತಿರ್ಲಿಲ್ವಾ ನಾನು?" ಎಂದಳು. ಉತ್ತರ ಹೇಳಲು ತಿರುಗಿದೆ. ಅಲ್ಲಿ ಗಾಳಿಗೆ ಮರಳು ರಸ್ತೆಯ ಮೇಲೆಲ್ಲ ಬಿದ್ದಿತ್ತು. ಚಕ್ರ ಕೆಳಕ್ಕೆ ಹೋಯಿತು, ನಾವು ಪಕ್ಕಕ್ಕೆ ಹೋದೆವು. ಎದ್ದು ನೋಡಿದರೆ ಅವಳು ಮರಳಿನಲ್ಲಿ ಕೂತು, ಸೆರಗನ್ನು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನಾನೂ ನಕ್ಕೆ. ಎಂಜಿನ್ನು ಮಾತ್ರ ನಮ್ಮ ಜೊತೆ ಸೇರಲಿಲ್ಲ. ನಾನು ಹ್ಯಾಂಡಲ್ ಹಿಡಿದೆ, ಅವಳು ಹಿಂದಿನಿಂದ ತಳ್ಳಿದಳು. ನಾವು ಅಂಗಡಿ ಮುಟ್ಟಿದಾಗ ಮಾವ, ಅಂಗಡಿಯವನ ಭಾಷೆ ತಮಗಾಗಲಿ ತಮ್ಮದು ಅವನಿಗಾಗಲಿ ಬಾರದೆಯೂ, ಎಮ್ಮೆಗಳ ವಿಚಾರದಲ್ಲಿ ಬಹಳ ದೂರ ಹೋಗಿದ್ದರು.

ಊರಿಗೆ ಬಂದ ಮೇಲೆ ಜವರೇಗೌಡ ಮನೆಗೆ ಬಂದ. ಎಲೆಕ್ಷನ್ನಿನಲ್ಲಿ ಸೋತಿದ್ದ, ಅವನಿಗೆ ಸ್ವಲ್ಪ ಹುರುಪು ತುಂಬುವುದು ಗೆಳೆಯನಾಗಿ ನನ್ನ ಕರ್ತವ್ಯವಾಗಿತ್ತು. ಹೀಗಾಗಿ ದ್ವಾರಕೆಯ ಕಡಲ ದಂಡೆಯಲ್ಲಿ ಬೈಕು ಹೇಗೆ ಹಾರಿತು, ಗಾಳಿ ಕಿವಿಯಲ್ಲಿ ಹೇಗೆ ಸಿಳ್ಳೆ ಹಾಕಿತು, ಒಂಟೆಗಳು ಹೇಗೆ ಬೆದರಿ ದಾರಿ ಬಿಟ್ಟವು ಎಂದು ವಿವರವಾಗಿ ಹೇಳಿದೆ. ಅವನು ಬಾಯಿ ತೆರೆದು ಕೇಳುತ್ತಿದ್ದ. ರತ್ನ ಕಾಫಿ ತಂದಳು.

"ಅಷ್ಟು ಸ್ಪೀಡಲ್ಲಿ ಓಗಕೆ ಎಷ್ಟನೇ ಗೇರ್‌ಲಿ ಇದ್ಯಲಾ?" ಎಂದು ಕೇಳಿದ ಅವನು.

ನಾನು ನೆನಪು ಮಾಡಿಕೊಳ್ಳುವವನಂತೆ ಸೂರು ನೋಡಿದೆ.

"ತಳ್ಳೋವಾಗ ಗೇರು ಆಕಂಗಿಲ್ಲ ಕಣಣ್ಣ," ಎಂದಳು ರತ್ನ, ಲೋಟವನ್ನು ನನ್ನ ಮುಂದಿಟ್ಟು.