ಕಾಯಿಹುಳದ ಹೆಂಡತಿಯ ಶೋಕ

"ಯವ್ವಾ, ಹದಿನಾಲ್ಕು ವರ್ಷ ಆತು, ತೊಗರಿಕಾಯಿ ಕೊರಿಯೋ ಹುಳದ ಬೆನ್ನು ಹತ್ತೀನಿ. ಅದು ಏನ್ ತಿಂತದ, ಎಷ್ಟು ತಿಂತದ, ಯಾವಾಗ ಮಕ್ಕೋತದ, ಎಲ್ಲಾ ಬರದೀನಿ. ನಾ ಬರದಿದ್ದು ಎಷ್ಟು ಮಂದಿ ಓದ್ಯಾರ ಗೊತ್ತದೇನು? ಏಳು ಮಂದಿ! ಅದರಾಗ ಇಬ್ಬರು ತಪ್ಪು ಹುಡುಕಾಕ ಓದಿದವರು. ಹೋದ ತಿಂಗಳ ಕ್ಯಾಂಟೀನದಾಗ ಅದೇ ಹುಳದ ಮ್ಯಾಲ ಒಂದು ಹಾಡು ಕಟ್ಟಿ ಹಾಡಿದೆ. ಅಡಿಗಿ ಮಾಡಾಂವ ಸಾರಿನ ಸೌಟು ಕೈಯಾಗ ಹಿಡಕೊಂಡೇ ನೆಲಕ್ಕ ಕುಂತು ನಕ್ಕ! ಅವತ್ತೇ ಖಾತ್ರಿ ಆತು. ಇನ್ನ ಮುಂದ ನನ್ನ ಲ್ಯಾಬ್ ಅಂದ್ರ ಸ್ಟೇಜು, ಮೈಕ್ರೋಸ್ಕೋಪ್ ಅಂದ್ರ ಹಾರ್ಮೋನಿಯಂ. ಈ ಜಿಲ್ಲಾ ಪೂರಾ ನಗಸಲಿಲ್ಲ ಅಂದ್ರ ನನ್ನ ಹೆಸರು ಡಾಕ್ಟರ್ ಮಹೇಶಕುಮಾರನೇ ಅಲ್ಲ!"

ಹುಮನಾಬಾದಿನ ಮನೆಯ ಪಡಸಾಲೆಯಲ್ಲಿ ನಿಂತು ಮಗ ಇಷ್ಟನ್ನೂ ಹೇಳಿ ಮುಗಿಸಿದ. ತಾಯಿ ತುಳಜಾಬಾಯಿ ಕೇಳಿದರು.

"ರಾಜೀನಾಮಾ ಕೊಟ್ಟಿ?"

"ಕೊಟ್ಟೆ."

"ವಾಪಸ್ ತಗೊಳ್ಳಾಕ ಬರ್ತದ?"

"ಬರ್ತದ. ಸೋಮವಾರ ಹತ್ತು ಗಂಟೆ ತನಕ. ಆದ್ರ ನಾ ತಗೊಳ್ಳಂಗಿಲ್ಲ."

ಸೊಸೆ ವಿಶಾಖಾ ಒಳಗಿನಿಂದಲೇ ತೀರ್ಪು ಕೊಟ್ಟಳು. "ಹಾಡ್ಲಿ ಬಿಡ್ರಿ ಅತ್ತಿ. ಊಟದ ಹೊತ್ತಿನಾಗ ಹುಳದ ಹೊಟ್ಟಿ ವರ್ಣನಾ ಕೇಳೂದಾದರೂ ತಪ್ತದ."

ಅವಳಿಗೇನು? ಹೋಗುತ್ತಿದ್ದುದು ತುಳಜಾಬಾಯಿಯ ಸಿಂಹಾಸನ! ಊರಲ್ಲಿ ಅವರು 'ಡಾಕ್ಟರ್ ತಾಯಿ'. ಮಗ ಹುಳದ ಡಾಕ್ಟರ್ ಎಂದು ಗೊತ್ತಿದ್ದೂ ಜನ ಅವರನ್ನು ಬಜಾರಿನಲ್ಲಿ ನಿಲ್ಲಿಸಿ ಮೊಣಕಾಲು ನೋವಿಗೆ ಔಷಧ ಕೇಳುತ್ತಿದ್ದರು, ಅವರೂ ಹೇಳುತ್ತಿದ್ದರು. ಹಾಡಿ ನಗಿಸುವವನ ತಾಯಿಗೆ ಬಸ್ಸಿನಲ್ಲಿ ಯಾರು ಸೀಟು ಬಿಟ್ಟಾರು?

"ಭಾನುವಾರ ಬಸವಕಲ್ಯಾಣದಾಗ ನಿಂದು ಪಹಿಲಾ ಕಾರ್ಯಕ್ರಮ ಅಂದಿ. ಅಲ್ಲಿ ಒಬ್ಬರೂ ನಗಲಿಲ್ಲ ಅಂದ್ರ?"

"ಒಬ್ಬರೂ ನಗಲಿಲ್ಲ ಅಂದ್ರ ಸೋಮವಾರ ಹೋಗಿ ಕಾಗದ ವಾಪಸ್ ತಗೋತೀನಿ. ನಿನ್ನ ಆಣಿ."

ಅಷ್ಟು ಹೇಳಿ ಸುಮ್ಮನಿದ್ದರೆ ಅವನು ವಿಜ್ಞಾನಿ. ಇನ್ನೊಂದು ಮಾತು ಸೇರಿಸಿದ. "ಯವ್ವಾ, ಹಾಲ್ ಕೊಡ್ತೀವಿ, ಮಂದಿ ನೀವೇ ತರ್ರಿ ಅಂತ ಹೇಳ್ಯಾರ. ನಿಮ್ಮ ಭಜನಾ ಮಂಡಳಿಯವರನ್ನ ಕರಕೊಂಡು ಬಾ."

ಬೆಕ್ಕಿನ ಕೈಯಲ್ಲೇ ಹಾಲಿನ ಪಾತ್ರೆ ಕೊಟ್ಟಂತಾಯಿತು!

ತುಳಜಾಬಾಯಿ ಪಕ್ಕದ ಮನೆಯ ಶಹಜಾದಿಯನ್ನು ಕರೆದರು. ಆಕೆಯ ಮಗ ಇರ್ಫಾನನೇ ಮಹೇಶಕುಮಾರನಿಗೆ ಢೋಲಕ್ ಬಾರಿಸುವವನು. ಢೋಲಕ್ ಹಿಂದೆ ಹೋದ ಮಗನ ಚಿಂತೆ ಆಕೆಗೂ ಇತ್ತು.

"ಶಹಜಾದಿ, ನಗಬಾರದು ಅಂತ ಎಲ್ಲಾರಿಗೂ ಹೇಳಬಹುದು. ಆದ್ರ ನಗು ಹೇಳಿದ್ದು ಕೇಳ್ತದೇನು?"

"ಬಾಯಿ ತುಂಬಿದ್ರ ಹ್ಯಾಂಗ ನಗ್ತಾರ ತುಳಜಕ್ಕಾ? ಎಲಿ ಅಡಕಿ ಹಾಕ್ಸೂಣ. ಜರಾ ದೊಡ್ಡದೇ ಮಡಚ್ತೀನಿ."

ಭಾನುವಾರ ಮಧ್ಯಾಹ್ನ ಎರಡು ಕ್ರೂಸರ್ ಗಾಡಿಗಳಲ್ಲಿ ಇಪ್ಪತ್ತೆರಡು ಹೆಂಗಸರು ಬಸವಕಲ್ಯಾಣಕ್ಕೆ ಬಂದಿಳಿದರು. ಸಭಾಂಗಣದ ಬಾಗಿಲಲ್ಲೇ ಎಲ್ಲರ ಬಾಯಿಗೂ ಮುಷ್ಟಿ ಗಾತ್ರದ ಎಲೆಯಡಿಕೆ ಬಿತ್ತು. ಒಳಗೆ ಹೋದ ಮೇಲೆ ಗೊತ್ತಾಯಿತು: ನೆಲ ಬಿಳಿ, ಗೋಡೆ ಬಿಳಿ, ಉಗುಳಲು ಜಾಗವಿಲ್ಲ. ಮುಂದಿನ ಕುರ್ಚಿಯಲ್ಲಿ ಸಭಾಂಗಣ ಕೊಟ್ಟ ಸಂಘದ ಅಧ್ಯಕ್ಷರು, ಕಿರಾಣಿ ವ್ಯಾಪಾರಿ ಬಸವಣಪ್ಪನವರು. ಅವರೂ ತಲೆಯಿಂದ ಕಾಲಿನವರೆಗೆ ಬಿಳಿ. ಅವರ ಬೆನ್ನ ಹಿಂದೆಯೇ ತುಳಜಾಬಾಯಿ ಕುಳಿತರು.

ಮಹೇಶಕುಮಾರ ಹಾರ್ಮೋನಿಯಂ ಒತ್ತಿದ.

"ತೊಗರಿಕಾಯಾಗ ಮನಿ ಮಾಡೀನಿ, ಬಾಡಗಿ ಕೇಳಬ್ಯಾಡೋ ಸಾಹೇಬಾ,
ನನ್ನ ಕೊಂದ್ರ ನಿನಗ್ಯಾರ ಕೊಡ್ತಾರ ತಿಂಗಳ ಪಗಾರ ಸಾಹೇಬಾ!"

ಸಭಾಂಗಣ ಶಾಂತವಾಗಿತ್ತು. ಇಪ್ಪತ್ತೆರಡು ಮುಖಗಳು ಊದಿಕೊಂಡು, ಕಣ್ಣು ಅರಳಿಸಿಕೊಂಡು, ಪುರಾಣ ಕೇಳುವಂತೆ ಕುಳಿತಿದ್ದವು. ಎರಡನೆಯ ಹಾಡಿಗೂ ಹಾಗೆಯೇ. ಇರ್ಫಾನ ಢೋಲಕ್ ನಿಲ್ಲಿಸಿ ಕೇಳಿದ, "ಸರ್, ಮೈಕ್ ಚಾಲೂ ಅದ ಇಲ್ಲೋ?"

ತುಳಜಾಬಾಯಿಗೆ ಗೆಲುವು ಕಾಣುತ್ತಿತ್ತು. ಜೊತೆಗೆ ಮಗನ ತುಟಿಯ ಮೇಲಿನ ಬೆವರೂ ಕಾಣುತ್ತಿತ್ತು. ಅವನ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ತಡವರಿಸುತ್ತಿತ್ತು. ನಾಲ್ಕು ದಶಕ ನೋಡಿದ ಮುಖ. ಅದು ಇಷ್ಟು ಸಣ್ಣದಾದದ್ದನ್ನು ಅವರು ನೋಡಿರಲಿಲ್ಲ. ಆದರೂ ಸೋಮವಾರವನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡರು.

ಆಗ ಮಹೇಶಕುಮಾರ ಹಾರ್ಮೋನಿಯಂ ಮುಚ್ಚಿದ. ಶಾಲನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡ. ಹಣೆಗೆ ಕೈ ಹಚ್ಚಿದ. ಸತ್ತ ಹುಳದ ಹೆಂಡತಿಯಾಗಿ ಹಾಡಿಕೊಂಡು ಅಳತೊಡಗಿದ.

"ಹೋದೆಲ್ಲೋ ನನ್ನ ದೊರಿಯೇ, ಹಸಿ ಕಾಯಿ ಬಿಟ್ಟು ಹೋದೆಲ್ಲೋ...
ಔಷಧ ಹೊಡದ್ರೂ ಸಾಯಲಾರದಾಂವ,
ಸಾಹೇಬನ ಪುಸ್ತಕ ಮ್ಯಾಲ ಬಿದ್ದು ಸತ್ತೆಲ್ಲೋ..."

ಇಪ್ಪತ್ತೊಂದು ಜೊತೆ ಕಣ್ಣು ತುಳಜಾಬಾಯಿಯ ಕಡೆ ತಿರುಗಿದವು. ಸತ್ತವರ ಮನೆಯಲ್ಲಿ ಹಾಡಿ ಅಳುವುದರಲ್ಲಿ ತುಳಜಾಬಾಯಿಗೆ ಸಮನಾದವರಿಲ್ಲ. ರಾಜೇಶ್ವರ, ಬೇಮಳಖೇಡದಂಥ ಊರುಗಳಿಂದಲೂ ಕರೆ ಬರುತ್ತಿತ್ತು. ಅದೇ ರಾಗ! ಸಾಲಿನ ಕೊನೆಗೆ ಮೂಗು ಏರಿಸುವ ಅದೇ ಸದ್ದು! ಅಂಥ ಮನೆಗಳ ಬಾಗಿಲ ಹೊರಗೆ ಗಂಡಸರ ನಡುವೆ ತಲೆ ಬಗ್ಗಿಸಿ ನಿಂತಿರುತ್ತಿದ್ದ ಮಗ ಇಷ್ಟು ದಿನ ಅದನ್ನೇ ಕೇಳಿಸಿಕೊಂಡಿದ್ದ. ತುಳಜಾಬಾಯಿ ಹಲ್ಲು ಕಚ್ಚಿದರು. ರಸ ಗಂಟಲಿಗೆ ಇಳಿಯಿತು. ಮಗ ರಾಗ ಬಿಡದೆ, ಕಣ್ಣೊರೆಸುತ್ತ ಮುಂದುವರಿಸಿದ.

"ಒಲಿ ಮ್ಯಾಲ ಹಾಲು ಉಕ್ಕಾಕತ್ತಾವ... ಯಾರರ ಹೋಗಿ ನೋಡ್ರೆವ್ವಾ..."

ಹೋದ ಶ್ರಾವಣದಲ್ಲಿ ಬೀಗರ ಹೆಣದ ಮುಂದೆ ಕುಳಿತು, ಒಂದು ಸ್ವರವೂ ಜಾರದಂತೆ, ಅಳುವಿನ ನಡುವೆಯೇ ಈ ಮಾತು ಹೇಳಿದ್ದವರು ಸಾಕ್ಷಾತ್ ತುಳಜಾಬಾಯಿ!

ಮೊದಲು ಒಡೆದದ್ದು ಅವರ ಬಾಯೇ. ಬಸವಣಪ್ಪನವರ ಬೆನ್ನು, ಹೆಗಲು, ಧೋತರ ಒಂದೇ ಕ್ಷಣದಲ್ಲಿ ಕೆಂಪಾದವು. ಹಿಂದೆಯೇ ಇಪ್ಪತ್ತೊಂದು ಬಾಯಿ. ನೆಲ, ಗೋಡೆ, ಕುರ್ಚಿ, ಒಬ್ಬರ ಮೇಲೊಬ್ಬರು! ಶಹಜಾದಿ ಕುರ್ಚಿ ಸಮೇತ ಉರುಳಿದಳು.

ಬಸವಣಪ್ಪನವರು ನಿಧಾನವಾಗಿ ಎದ್ದರು. ಹಿಂದೆ ತಿರುಗಿ ನೋಡಿದರು. ತಮ್ಮ ಧೋತರ ನೋಡಿಕೊಂಡರು. ಮತ್ತೆ ಕುಳಿತರು.

"ನಡೀಲಿ ಡಾಕ್ಟರ್ ಸಾಹೇಬ್ರ, ನಿಲ್ಲಸಬ್ಯಾಡ್ರಿ. ಧೋತರ ಅಂತೂ ಹೋತು, ಹಾಡಾದರೂ ಪೂರಾ ಕೇಳ್ತೀನಿ."

ಸೋಮವಾರ ಹತ್ತು ಗಂಟೆಗೆ ತುಳಜಾಬಾಯಿ ಹಿತ್ತಲಲ್ಲಿ ಆ ಧೋತರದ ಮುಂದೆ ಕುಳಿತಿದ್ದರು. ಲಿಂಬೆಹಣ್ಣು ತಿಕ್ಕಿದರು, ಸೋಡಾ ಹಾಕಿದರು. ಕೆಂಪು ಹೋಗಿ ಕಂದಾಯಿತು, ಕಂದು ಹೋಗಲಿಲ್ಲ. ಗೋಡೆಯಾಚೆಯಿಂದ ಶಹಜಾದಿ ಕೂಗಿದಳು. "ತುಳಜಕ್ಕಾ, ಇನ್ನ ಹದಿನಾಲ್ಕು ಸೀರಿ ಬಂದಾವ. ಎಲ್ಲಾರೂ ನಿಮ್ಮ ಕಡೇನೇ ಕಳಸ್ಯಾರ!"

ತುಳಜಾಬಾಯಿ ಸೋತ ದನಿಯಲ್ಲಿ ಮಗನನ್ನು ಕರೆದರು. "ಏ ಮಹೇಶಾ, ಇಷ್ಟೆಲ್ಲಾ ಓದೀದಿ. ಈ ಕಲಿ ಹ್ಯಾಂಗ ಹೋಗ್ತದ, ಅದಾದರೂ ಹೇಳು."

"ವಿಜ್ಞಾನ ಬಿಟ್ಟೀನಿ ಯವ್ವಾ, ಈಗಷ್ಟೇ ಹತ್ತು ಹೊಡೀತು. ಕಲಿ ಮ್ಯಾಲ ಹಾಡು ಬೇಕಾದ್ರ ಹೇಳು."

ತುಳಜಾಬಾಯಿ ಧೋತರವನ್ನು ಸಾಬೂನು ನೀರಿನಲ್ಲಿ ಇನ್ನೊಮ್ಮೆ ಅದ್ದಿ, ಎತ್ತಿ, ಕಲ್ಲಿಗೆ ಬಡಿದರು.