ಪಾಳುಮನೆಗೂ ಚಪ್ಪಲಿ ಬಿಟ್ಟೇ ಹೋಗೋದು

ಹೆದರಿಸುವಂಥದ್ದೆಲ್ಲ ನನ್ನನ್ನೇ ವಿಚಾರಿಸಿಕೊಂಡು ಬರುತ್ತದೆ, ಯಾಕೋ ಗೊತ್ತಿಲ್ಲ. ನಾನು ಹೆದರುವವನಲ್ಲ ಅಂತ ಅದಕ್ಕೂ ಸಿಟ್ಟಿರಬೇಕು. ಗದಗ ಕಡೆಯ ನಮ್ಮ ಹಳ್ಳಿಯಲ್ಲಿ ಹಾಳುಬಾವಿಗೆ ಇಳಿದು ಪಾರಿವಾಳದ ಮರಿ ಹಿಡಿದು ತಂದವನು ನಾನೊಬ್ಬನೇ. ಬೇಕಾದರೆ ಊರಲ್ಲಿ ಕೇಳಿ.

ಅಂಥವನು ಚೆನ್ನೈಗೆ ಬಂದು ಮಾಧವರಂನ ಒಂದು ಲಾರಿ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲಿದ್ದ, ಫೋಟೋ ಇನ್ನೂ ರೀಲಿನಲ್ಲಿದ್ದ ಕಾಲ. ಗೆಳೆಯರು ಇಬ್ಬರು. ಒಬ್ಬ ಮೈಸೂರಿನವನು, ಟಿ. ನಗರದ ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಚುವವನು. ಇನ್ನೊಬ್ಬ ಬ್ಯಾಂಕ್ ಮ್ಯಾನೇಜರ ಮಗ, ಚೆನ್ನೈಯಲ್ಲೇ ಹುಟ್ಟಿದವನು. ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರ ಕೊಡುವವನು. ಅವನಪ್ಪನ ಹಳೇ ಕ್ಯಾಮೆರಾ ತಗೊಂಡು ಭಾನುವಾರ ಪಾಳುಬಿದ್ದ ಕಟ್ಟಡಗಳ ಫೋಟೋ ತೆಗೆಯುವುದು ನಮ್ಮ ಹುಚ್ಚು.

ಈ ಸಾಹಸವನ್ನು ಎಸ್‌ಟಿಡಿ ಬೂತಿನಿಂದ ಊರಿಗೆ ಹೇಳಿದರೆ ಅಲ್ಲಿನ ಗೆಳೆಯರು ನಂಬಲಿಲ್ಲ. "ಬರೇ ಬಾಯಿ ನಿಂದು. ದೆವ್ವದ ಮನ್ಯಾಗ ಎದಿ ಸೆಟಿಸಿ ನಿಂತ ಫೋಟೋ ಕಳಸು, ಆಮ್ಯಾಲ ನೋಡೂಣು." ನಮ್ಮವ್ವನಂತೂ ಆ ಫೋಟೋ ಪಡಸಾಲೆಯಲ್ಲಿ ಹಾಕಲು ಮೊಳೆಯನ್ನೇ ಹೊಡೆಸಿಬಿಟ್ಟಳು. ಮೊಳೆ ಖಾಲಿ ಉಳಿದರೆ ನನ್ನ ಮರ್ಯಾದೆ ಏನಾಗಬೇಕು?

೧. ತಿರುಗಿ ಕೂತ ಚಪ್ಪಲಿ

ಮೊದಲು ಹೋಗಿದ್ದು ಮಾಧವರಂ ಹತ್ತಿರದ ಒಂದು ಹಳೇ ಬಂಗಲೆಗೆ. ಹೊಸ್ತಿಲಲ್ಲಿ ನಾನು ಚಪ್ಪಲಿ ಬಿಟ್ಟೆ. ನಮ್ಮೂರಿನ ಕರಕರ ಚಪ್ಪಲಿ, ತುದಿಗೆ ಕೆಂಪು ಗೊಂಡೆ.

"ಲೋ, ಒಳಗೆ ಯಾರಿದ್ದಾರೆ ಅಂತ ಬಿಡ್ತಿದೀಯ?" ಅಂದ ಮೈಸೂರಿನವನು.

"ಯಾರೂ ಇಲ್ಲ ಅಂತ ಹೆಂಗ ಹೇಳ್ತಿ? ಮರ್ಯಾದಿ ಕೊಟ್ಟರ ಯಾವ ಮನಿನೂ ಏನೂ ಮಾಡಂಗಿಲ್ಲ," ಅಂದೆ.

ಒಳಗೆ ಹಗಲಲ್ಲೂ ಕತ್ತಲು. ಮೆಟ್ಟಿಲ ಮೇಲೆ ನಿಂತು ಎದೆ ಸೆಟೆಸುವ ಹೊತ್ತಿಗೆ ಮಲ್ಲಿಗೆ ವಾಸನೆ ಬಂತು. ಹೂವಿನ ಗಿಡ ಎಲ್ಲೂ ಇರಲಿಲ್ಲ. ಬ್ಯಾಂಕಿನವರ ಹುಡುಗ "ವೇಣಾಂ ಡಾ, ಹೋಗೋಣ ಡಾ" ಅಂತ ನನ್ನ ತೋಳು ಹಿಡಿದ. ಅವನಿಗೋಸ್ಕರ ನಾನೂ ಹೊರಟೆ, ಸ್ವಲ್ಪ ಮುಂದಾಗಿ. ಬಾಗಿಲಿಗೆ ಬಂದರೆ, ಒಳಮುಖವಾಗಿ ಬಿಟ್ಟಿದ್ದ ನನ್ನ ಚಪ್ಪಲಿ ಹೊರಮುಖವಾಗಿ ತಿರುಗಿ ಕೂತಿದೆ, ಅಂಚಿಗೆ ಅಂಚು ಕೂಡಿಸಿಕೊಂಡು.

ಕಂಬದ ಹಿಂದಿನಿಂದ ಹೂವು ಮಾರುವ ಅಜ್ಜಿ ಎದ್ದು ಬಂದಳು. ಬಿಸಿಲಿಗೆ ಬಾಡದಿರಲಿ ಅಂತ ಬುಟ್ಟಿಯನ್ನು ದಿನಾ ಒಳಗಿಡುತ್ತಿದ್ದಳಂತೆ. ಚಪ್ಪಲಿ ಯಾಕಜ್ಜಿ ತಿರುಗಿಸಿದೆ ಅಂತ ಕೇಳಿದೆವು.

ಅವಳು ತಮಿಳಿನಲ್ಲಿ ಹೇಳಿದ್ದು ಇಷ್ಟು: "ಒಳಗೆ ಹೋಗುವಾಗ ನಿನ್ನ ಮುಖ ನೋಡಿದೆ, ತಂಬಿ. ಬರುವಾಗ ಓಡಿ ಬರ್ತೀಯ ಅನ್ನಿಸಿತು."

೨. ಒಳಗಿನ ದನಿ

ಆಮೇಲೆ ಖಾಲಿ ಬಿಟ್ಟಿದ್ದ ರೈಲ್ವೆ ಕ್ವಾರ್ಟರ್ಸ್. ಸೂರಿನಲ್ಲಿ ಆಲದ ಸಸಿ, ಕಿಟಕಿಗೆ ಬಾಗಿಲಿಲ್ಲ. ಈ ಸಲ ಚಪ್ಪಲಿ ಬಿಡುವುದಷ್ಟೇ ಅಲ್ಲ, ಊರಿನ ರೂಢಿಯಂತೆ ಹೊಸ್ತಿಲಲ್ಲೇ ನಿಂತು ಕೂಗಿದೆ: "ಮನ್ಯಾಗ ಯಾರದೀರ್ರೀ?"

ಗೆಳೆಯರು ನಕ್ಕರು. ಆಗ ಒಳಗಿನ ಕತ್ತಲಿಂದ, ಚೆನ್ನೈಯ ನಡುವೆ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ ದನಿ ಬಂತು: "ಯಾರಪಾ ಅದು? ಒಳಗ ಬಾ. ನಿನ್ನ ಹಾದಿನ ನೋಡಾಕತ್ತಿದ್ದೆ."

ಮೈಸೂರಿನವನು ರಸ್ತೆ ಸೇರಿದ್ದ. ನಾನು ಕದಲಲಿಲ್ಲ. ಧೈರ್ಯವೆಂದೇ ಇಟ್ಟುಕೊಳ್ಳಿ, ಕಾಲು ನನ್ನ ಮಾತು ಕೇಳುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ.

ಹೊರಗೆ ಬಂದವರು ಒಬ್ಬ ನಿವೃತ್ತ ರೈಲ್ವೆ ಯಜಮಾನರು, ಬಗಲಲ್ಲಿ ಚಾಪೆ. ಮನೆಯಲ್ಲಿ ಮೊಮ್ಮಕ್ಕಳ ಟೀವಿ ಗದ್ದಲಕ್ಕೆ ನಿದ್ದೆಯಿಲ್ಲ, ಹಾಗಾಗಿ ತಾವು ಮೊದಲು ಸಂಸಾರ ಮಾಡಿದ್ದ ಮನೆಗೇ ಬಂದು ಮಧ್ಯಾಹ್ನ ಮಲಗುತ್ತಿದ್ದರಂತೆ. ಚಹಾ ತರುವ ಹುಬ್ಬಳ್ಳಿ ಕಡೆಯ ದೋಸ್ತನ ಹಾದಿ ನೋಡುತ್ತಿದ್ದವರು, ಕೂಗಿದ್ದು ಅವನೇ ಅಂದುಕೊಂಡಿದ್ದರು.

ಫೋಟೋ ಅಂದ ಕೂಡಲೇ ಯಜಮಾನರ ಮುಖ ಬಿಳಿಚಿತು. "ಇಲ್ಲೆ ಫೋಟೋ ಗೀಟೋ ಬ್ಯಾಡಪಾ. ನಾ ದೇವಸ್ಥಾನದಾಗ ಭಜನಿಗೆ ಕುಂತೀನಿ ಅಂತ ನಮ್ಮಾಕಿ ತಿಳಕೊಂಡಾಳ. ದೆವ್ವಕ್ಕ ಅಂಜಾವ ನಾ ಅಲ್ಲ, ಆಕಿಗೆ."

೩. ರೀಲಿನ ಕೊನೆಯ ಫೋಟೋ

ಊರಿಂದ ಫೋನು: "ಫೋಟೋ ಎಲ್ಲೈತಿ? ನಿಮ್ಮವ್ವ ಮೊಳಿಗೆ ಟೊಪಗಿ ತೂಗು ಹಾಕ್ಯಾಳ." ರೀಲಿನಲ್ಲಿ ಉಳಿದಿದ್ದು ಒಂದೇ ಒಂದು. ಎಣ್ಣೂರಿನ ಕಡಲ ಬದಿಗೆ, ಎಂದೋ ಮುಚ್ಚಿದ ಐಸ್ ಫ್ಯಾಕ್ಟರಿಗೆ ಹೋದೆವು. ಒಳಗೆಲ್ಲ ತುಕ್ಕು ಹಿಡಿದ ಮೊಳೆ, ತಗಡು. ಅವತ್ತು ಮೊದಲ ಸಲ ನಾನು ಚಪ್ಪಲಿ ಹಾಕಿಕೊಂಡೇ ಹೊಸ್ತಿಲು ದಾಟಿದೆ. ದಾಟಿದ್ದೇ ಎದೆಯಲ್ಲಿ ಏನೋ ಚುಚ್ಚಿತು. ತಪ್ಪು ಮಾಡಿದೆ, ಈ ಮನೆ ಸುಮ್ಮನಿರುವುದಿಲ್ಲ ಅಂತ.

ಕ್ಯಾಮೆರಾವನ್ನು ಮುರಿದ ಯಂತ್ರದ ಮೇಲಿಟ್ಟು, ತಾನೇ ಕ್ಲಿಕ್ಕಾಗುವ ಹಾಗೆ ಗುಂಡಿ ತಿರುಗಿಸಿ, ಬ್ಯಾಂಕಿನವರ ಹುಡುಗ ಓಡಿ ಬಂದು ನಿಂತ. ನಡುವೆ ನಾನು. ಎದೆ ಸೆಟೆಸಿದೆ. ಕ್ಯಾಮೆರಾ ಸರ್ರ್ ಅನ್ನುತ್ತಿತ್ತು.

ಹಿಂದಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಮೆಲ್ಲಗೆ.

"ಲೇ, ಅಂಗಿ ಬಿಡಲೇ," ಅಂದೆ.

"ನನ್ನ ಎರಡೂ ಕೈ ಇಲ್ಲೇ ಇವೆ," ಅಂದ ಮೈಸೂರಿನವನು.

"ನಾನ್ ಇಲ್ಲ ಡಾ, ನಾನಲ್ಲ," ಅಂದ ಇನ್ನೊಬ್ಬ.

ಮತ್ತೆ ಜಗ್ಗಿತು. ಈ ಸಲ ಬಿಸಿ ಉಸಿರೂ ತಾಗಿತು.

ಆಮೇಲಿನದು ನನಗೆ ನೆನಪಿರುವುದು ಮೀನುಗಾರರ ಕೇರಿಯಿಂದ. ಬರಿಗಾಲಲ್ಲಿ, ಒಣಹಾಕಿದ ಮೀನಿನ ನಡುವೆ ನಿಂತಿದ್ದೆ.

ಫೋಟೋ ತೊಳೆಸಿದೆವು. ಎಡಕ್ಕೆ ಮೈಸೂರಿನವನು, ಬಲಕ್ಕೆ ಬ್ಯಾಂಕಿನವರ ಹುಡುಗ. ನಡುವೆ, ಗಡ್ಡ ಮೇಲೆತ್ತಿ, ಎದೆ ಸೆಟೆಸಿ, ಬಾಯಲ್ಲಿ ನನ್ನ ಅಂಗಿಯ ತುಂಡು ಹಿಡಿದ ಒಂದು ಆಡು. ಅದರ ಮುಂದೆ ಕೆಂಪು ಗೊಂಡೆಯ ಚಪ್ಪಲಿ ಜೋಡಿ.

ನಾನು ಸೋಲುವವನೇ? 'ತೆಗೆದವನು ನಾನು' ಅಂತ ಹಿಂದೆ ಬರೆದು ಊರಿಗೆ ಕಳಿಸಿದೆ. ವಾರದೊಳಗೆ ಫೋನು. ಹಿಂದೆ ಗೆಳೆಯರ ನಗು, ಮುಂದೆ ನಮ್ಮವ್ವ.

"ಫೋಟೋ ಮೊಳಿಗೆ ಹಾಕೀನಿ ಬಿಡಪಾ. ಹೊಸ್ತಿಲ ದಾಟೂ ಮುಂದ ಚಪ್ಪಲಿ ಬಿಡಬೇಕು ಅಂತ ಇಪ್ಪತ್ತು ವರ್ಷ ನಿನಗ ಬಡಕೊಂಡೆ. ನೋಡು, ಆ ಆಡು ಎಷ್ಟು ಚಂದ ಬಿಟ್ಟು ನಿಂತೈತಿ."