ಸೀಸೆಯಿಂದ ಇಳಿಯದ ದ್ರವ

ಗಮನವಿಟ್ಟು ನೋಡುವುದರಲ್ಲಿ ನನ್ನದು ಎತ್ತಿದ ಕೈ. ಇದನ್ನು ನನ್ನ ಹೆಂಡತಿ ಒಪ್ಪುವುದಿಲ್ಲ. ಬಸವಕಲ್ಯಾಣದ ನಮ್ಮ ಮನೆಯ ಗೋಡೆಗೆ ಹಸಿರು ಬಣ್ಣ ಬಳಿದು ನಾಲ್ಕು ದಿನವಾದ ಮೇಲೆ ನಾನು ‘ಏನೋ ಬದಲಾದಂತಿದೆಯಲ್ಲ’ ಎಂದೆನಂತೆ. ಮನೆಯ ಮಾತು ಬೇರೆ, ಪ್ರಯೋಗಶಾಲೆಯ ಮಾತು ಬೇರೆ. ಹುಮನಾಬಾದಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿರುವ ನನ್ನ ಮೊದಲ ಪಾಠವೇ ‘ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ’ ಎಂಬುದು.

ಎರಡನೆಯ ಪಾಠ ಪಾಸಾಗುವುದಕ್ಕೆ. ಸೀಸೆ ಮೂಸಿದಾಗ ಕರ್ಪೂರದ ವಾಸನೆ ಬಂದರೆ ಅದು ಸೈಕ್ಲೊಹೆಕ್ಸನಾಲ್ ಎಂಬ ಆಲ್ಕೊಹಾಲ್. ಆಲ್ಕೊಹಾಲ್ ಎಂದೊಡನೆ ಹಿಂದಿನ ಬೆಂಚು ಎಚ್ಚರವಾಗುತ್ತದೆ, ಕುಡಿಯುವುದಲ್ಲ ಎಂದೊಡನೆ ಮತ್ತೆ ಮಲಗುತ್ತದೆ. ಉಳಿದದ್ದೆಲ್ಲ ಬಾಯಿಪಾಠ: ಬಣ್ಣವಿಲ್ಲದ ದ್ರವ, ಸೋಡಿಯಂ ಹಾಕಿದರೆ ಗುಳ್ಳೆ, ಕ್ರೋಮಿಕ್ ಆಮ್ಲದ ಕಿತ್ತಳೆ ಬಣ್ಣ ಹಸಿರು, ಲೂಕಾಸ್ ದ್ರಾವಣ ಐದು ನಿಮಿಷಕ್ಕೆ ಕದಡು.

ಈ ಚಳಿಗಾಲದ ಪ್ರಾಕ್ಟಿಕಲ್ ಪರೀಕ್ಷೆ ಬೆಳಿಗ್ಗೆ ಎಂಟಕ್ಕಿತ್ತು. ಇಪ್ಪತ್ತು ಜನ ಎಲ್ಲರಿಗೂ ಇಟ್ಟಿದ್ದ ಒಂದೇ ಸೀಸೆಯನ್ನು ಮೂಸಿ, ಇದನ್ನೇ ಬರೆದು, ಒಂಬತ್ತಕ್ಕೆಲ್ಲ ಹೊರಟುಹೋದರು. ಪೂರ್ತಿ ಅಂಕ ಕೊಟ್ಟೆ. ಘಾಟಬೋರಾಳದ ಕುರಿ ಸಾಕುವ ಮನೆಯ ಮಾಳಮ್ಮ ಮಾತ್ರ ಹನ್ನೊಂದರವರೆಗೆ ಕೂತು ‘ಬಿಳಿಯ ಘನವಸ್ತು’ ಎಂದು ಶುರುಮಾಡಿದ್ದಳು. ಮೊದಲ ಸಾಲೇ ತಪ್ಪಾದ ಮೇಲೆ ಮುಂದೆ ಓದುವುದೇನು? ಅವಳೆದುರೇ ಕೆಂಪು ಗೀಟು ಎಳೆದು ನಪಾಸು ಮಾಡಿದೆ. ಅವಳಿಗೆ ಒಂದು ವರ್ಷವೇ ಹಾಳಾಗುತ್ತಿತ್ತು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಬುದ್ಧಿಮಾತು ಹೇಳಲು ಅನುಕೂಲವಾಗುತ್ತಿತ್ತು.

“ಸರ್, ಸೀಸೆ ಒಮ್ಮೆ ಉಲ್ಟಾ ಮಾಡಿ ನೋಡ್ರಿ. ಥಂಡಿಗೆ ಕೊಬ್ರಿ ಎಣ್ಣಿ ಹ್ಯಾಂಗ ಗಟ್ಟಿ ಆಗ್ತದ, ಹಂಗ ಆಗ್ಯದ. ನಾ ಚಮಚದಿಂದ ಕೆರದು ತಗೊಂಡೀನ್ರಿ” ಎಂದಳು.

ಸೀಸೆ ತಲೆಕೆಳಗು ಮಾಡಿದೆ. ಒಂದು ಹನಿಯೂ ಬೀಳಲಿಲ್ಲ. ಒಳಗೆ ಒಂದೇ ಒಂದು ಗುಳಿಯಿತ್ತು, ಅವಳ ಚಮಚದ್ದು. ಸೀಸೆ ಬಿಟ್ಟು ಹೊರಗೇ ಬಾರದ ವಸ್ತು ಇಪ್ಪತ್ತು ಜನರ ಕಾಗದದ ಮೇಲೆ ಗುಳ್ಳೆಯೆಬ್ಬಿಸಿ, ಹಸಿರಾಗಿ, ಸರಿಯಾಗಿ ಐದೇ ನಿಮಿಷಕ್ಕೆ ಕದಡಿತ್ತು! ನಾಚಿಕೆಯಾಯಿತು. ಮಾಳಮ್ಮನ ಉತ್ತರವನ್ನು ಕೊನೆಯವರೆಗೆ ಓದಿ ಪೂರ್ತಿ ಅಂಕ ಕೊಟ್ಟೆ. ಉಳಿದವರ ಅಂಕ ಕತ್ತರಿಸಲು ಎತ್ತಿದ ಪೆನ್ನನ್ನು ಹಾಗೇ ಇಳಿಸಿದೆ. ಪಾಪ, ಅವರು ನನ್ನ ಪಾಠವನ್ನೇ ಒಪ್ಪಿಸಿದ್ದರು.

ಆದರೆ ಇಪ್ಪತ್ತು ಚಳಿಗಾಲ ದ್ರವವಾಗಿದ್ದದ್ದು ಈಗೇಕೆ ಗಟ್ಟಿಯಾಯಿತು? ರಜೆ ಮುಗಿಸಿ ಮರುದಿನ ಬಂದ ನಮ್ಮ ಅಟೆಂಡರ್, ಮಾಣಿಕನಗರದ ಗುಂಡಪ್ಪನನ್ನು ಕೇಳಿದೆ.

“ಪ್ರತಿ ಥಂಡ್ಯಾಗ ನಾನೇ ಬಿಸಿನೀರಾಗ ಇಟ್ಟು ಕರಗಿಸಿ ಕೊಡ್ತಿದ್ನಿರಿ ಸರ್. ಇಪ್ಪತ್ತೈದು ಡಿಗ್ರಿಗಿಂತ ಕಡಿಮಿ ಆದ್ರ ಗಟ್ಟಿ ಆಗ್ತದಂತ ಕಪಾಟಿನಾಗಿನ ದೊಡ್ಡ ಸೀಸಿ ಚೀಟಿ ಮ್ಯಾಲೇ ಬರದದಲ್ರಿ. ನೀವು ನೋಡಿಲ್ಲೇನ್ರಿ?”

ಕನ್ನಡಕ ಒರೆಸಿಕೊಂಡು ಚೀಟಿ ಓದಿದೆ. ಬರೆದದ್ದು ನಿಜ. ಅಕ್ಷರ ನನ್ನದೇ.